ಮಾತಂಗ ಗುಡ್ಡದ ಕೆಳಗೆ

ಹಂಪಿಗೆ ಹೋಗಿ ಬಂದವರನ್ನು ಯಾರೂ 'ಯಾರನ್ನು ಕಂಡಿರಿ' ಎಂದು ಕೇಳುವುದಿಲ್ಲ. 'ಏನೇನು ನೋಡಿದಿರಿ' ಎಂದೇ ಕೇಳುತ್ತಾರೆ. ಕಲ್ಲಿನ ತೇರು ನೋಡಿದಿರಾ, ಕಮಲ ಮಹಲು ನೋಡಿದಿರಾ, ದರೋಜಿ ಕಾಡಿಗೆ ಹೋಗಿದ್ದಿರಾ, ಕರಡಿ ಕಂಡಿತಾ? ಕಲ್ಲಿಗೂ ಲೆಕ್ಕ ಉಂಟು, ಕರಡಿಗೂ ಲೆಕ್ಕ ಉಂಟು. ಆ ಕಲ್ಲು ಕಡಿದವನಿಗೆ, ಆ ಕಾಡಿನಂಚಿನಲ್ಲಿ ಸೌದೆ ಆಯ್ದವಳಿಗೆ ಲೆಕ್ಕವಿಲ್ಲ. ಹಾಗಾಗಿ ನಾವು ಕೆಲವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಯ ಗೆಳೆಯರು ಸೇರಿ ಈ ಸಲ ಹಂಪಿಯನ್ನು ಹಂಪಿಯಿಂದ ನೋಡದೆ ಕಡ್ಡಿರಾಂಪುರದಿಂದ ನೋಡೋಣ ಅಂತ ಹೊರಟೆವು.

ಕಡ್ಡಿರಾಂಪುರ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಹಂಪಿ ಇನ್ನು ನಾಲ್ಕು ಕಿಲೋಮೀಟರ್ ಆಸುಪಾಸು. ಪ್ರವಾಸಿಗಳ ಕಾರು ಇಲ್ಲಿ ನಿಲ್ಲುವುದಿಲ್ಲ. ನಿಂತರೂ ಊರಿನ ಅಜ್ಜಿಯೊಬ್ಬಳು, 'ಏನ್ ನೋಡಾಕ ಬಂದೀರಪ್ಪಾ, ಇಲ್ಲೇನೈತಿ?' ಅಂತ ಕೇಳಿಯಾಳು. ಏನಿದೆ ಅಂದರೆ, ಊರ ಬಳಿ ಮುಸ್ಲಿಂ ಶೈಲಿಯ ಹಳೆಯ ಗೋರಿಗಳಿವೆ. ವಿಜಯನಗರದ ಕಾಲದವು. ಇದೇ ರಾಜಧಾನಿಯಲ್ಲಿ 1439ರಲ್ಲಿ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನೆಂಬುವನು ದೊರೆಗೆ ಪುಣ್ಯವಾಗಲೆಂದು ಒಂದು ಕಟ್ಟಡ ಕಟ್ಟಿಸಿದ. ಅದನ್ನು ಶಾಸನ 'ಧರ್ಮಸಾಲೆ' ಎಂದು ಕರೆಯುತ್ತದೆ. ವಿಜಯನಗರದ ಸೇನೆಯಲ್ಲಿ ಮುಸ್ಲಿಮರಿದ್ದರು, ಸುಲ್ತಾನರ ಸೇನೆಗಳಲ್ಲಿ ಮರಾಠರಿದ್ದರು. 1565ರ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಮಕ್ಕಳ ತಲೆಗೆ ತುಂಬುವವರು ಒಮ್ಮೆ ಈ ಗೋರಿಗಳ ನೆರಳಲ್ಲಿ ಕೂತು ಹೋಗಲಿ.

ಅಲ್ಲಿಂದ ನಾವು ಮಾತಂಗ ಗುಡ್ಡ ಹತ್ತಿದೆವು. ಇಡೀ ಹಂಪಿ ಇಲ್ಲಿಂದ ಕಾಣುತ್ತದೆ. ಒಂದು ಕಡೆ ತುಂಗಭದ್ರೆ, ಒಂದು ಕಡೆ ಅಚ್ಯುತರಾಯನ ಗುಡಿ, ಕೆಳಗೆ ವಿರೂಪಾಕ್ಷನ ಗೋಪುರದಿಂದ ಈ ಗುಡ್ಡದ ಬುಡದವರೆಗೆ ಬಿದ್ದುಕೊಂಡ ಬಜಾರದ ಬೀದಿ. ನಡುನಡುವೆ ವಿಜಯನಗರದ ಕಾಲದ ಕಾಲುವೆಗಳ ನೀರು ಕುಡಿದು ಬೆಳೆಯುವ ಬಾಳೆ, ಭತ್ತ, ಕಬ್ಬು.

ಈ ಗುಡ್ಡಕ್ಕೆ ಮಾತಂಗನ ಹೆಸರು ಯಾಕೆ ಬಂತು? ರಾಮಾಯಣದ ಕಥೆಯಲ್ಲಿ ವಾಲಿ ಕೊಂದ ದುಂದುಭಿಯ ರಕ್ತ ಮಾತಂಗ ಮುನಿಯ ಆಶ್ರಮದ ಮೇಲೆ ಬಿತ್ತು. ಇಲ್ಲಿ ಕಾಲಿಟ್ಟರೆ ಸಾಯುತ್ತೀ ಎಂದು ಮುನಿ ವಾಲಿಗೆ ಶಾಪ ಕೊಟ್ಟ. ಮುಂದೆ ರಾಜ್ಯ, ಹೆಂಡತಿ ಎಲ್ಲ ಕಳೆದುಕೊಂಡು ಅಟ್ಟಿಸಿಕೊಂಡು ಬಂದ ಸುಗ್ರೀವನಿಗೆ ಆಸರೆಯಾದದ್ದು ಇದೇ ಜಾಗ. ಶಬರಿ ಸೇವೆ ಮಾಡಿಕೊಂಡಿದ್ದದ್ದೂ ಮಾತಂಗನ ಆಶ್ರಮದಲ್ಲೇ. ಬೌದ್ಧ ಜಾತಕ ಕಥೆಯ ಮಾತಂಗ ಚಂಡಾಲ ಕುಲದವನು. ನಮ್ಮ ಮಾದಿಗ ಬಂಧುಗಳು ತಮ್ಮನ್ನು ಮಾತಂಗರೆಂದು, ಆದಿಜಾಂಬವರೆಂದು ಕರೆದುಕೊಳ್ಳುತ್ತಾರೆ. ಪುರಾಣ ಚರಿತ್ರೆಯಲ್ಲ ಎಂಬುದು ನಮಗೂ ಗೊತ್ತು. ಆದರೆ ಬರೆಯುವ ಹಕ್ಕು ಕಸಿದುಕೊಂಡ ಜನ ತಮ್ಮ ನೆನಪನ್ನು ಎಲ್ಲಿ ಇಡಬೇಕು? ಗುಡ್ಡದ ಹೆಸರಿನಲ್ಲಿ ಇಟ್ಟರು. ದೇವಿಯ ಹೆಸರಿನಲ್ಲಿ ಇಟ್ಟರು. ಪಂಪಾ ಎಂಬ ಈ ಸ್ಥಳದ ತಾಯಿಗೆ ವಿರೂಪಾಕ್ಷನೊಡನೆ ಮದುವೆ ಮಾಡಿಸಿ ಆಮೇಲೆ ಅವಳನ್ನು ಗುಡಿಯ ಒಂದು ಮಗ್ಗುಲಿಗೆ ಸರಿಸಿದ ಕಥೆಯೂ ಇಂಥದ್ದೇ.

ಗುಡ್ಡ ಇಳಿಯುತ್ತ ಬಂಡೆಗಳ ಮೈಮೇಲೆ ಸಾಲುಸಾಲಾಗಿ ಚೌಕದ ತೂತುಗಳು ಕಂಡವು. ಪ್ರವಾಸಿಗಳು ಅವನ್ನು ದಾಟಿಕೊಂಡು ಹೋಗುತ್ತಾರೆ. ನಾವು ನಿಂತೆವು. ಬಂಡೆಗೆ ಉಳಿಯಿಂದ ಸಾಲು ತೂತು ಹೊಡೆದು, ಒಣ ಮರದ ಬೆಣೆ ಬಡಿದು, ನೀರು ಹನಿಸುತ್ತಿದ್ದರು. ಮರ ಉಬ್ಬಿದಾಗ ಬಂಡೆ ಗೆರೆ ಎಳೆದಂತೆ ಸೀಳುತ್ತಿತ್ತು. ಅರಮನೆ, ಗುಡಿ, ಕೋಟೆ ಎಲ್ಲ ಶುರುವಾದದ್ದು ಈ ತೂತಿನಿಂದ. ಸೀಳಲು ಗುರುತು ಹಾಕಿ ಸೀಳದೆ ಬಿಟ್ಟ ಬಂಡೆಗಳೂ ಇವೆ. ಆ ದಿನ ಕೆಲಸ ಬಿಟ್ಟು ಎದ್ದುಹೋದವನು ಮತ್ತೆ ಬರಲಿಲ್ಲ ಅಂತಲೇ ಕಾಣುತ್ತದೆ. ಯಾಕೆ ಬರಲಿಲ್ಲವೋ ಯಾವ ಶಾಸನವೂ ಹೇಳುವುದಿಲ್ಲ.

ಕಲ್ಲುಕುಟಿಗನಿಗೆ ಅಕ್ಷರ ಎಲ್ಲಿಂದ ಬರಬೇಕು ಎನ್ನುವವರೂ ಇದ್ದಾರೆ. ಅವರು ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ ನೋಡಬೇಕು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಎದ್ದು ಬಂದದ್ದು. ಅದರ ಕರಿಗಲ್ಲುಗಳ ಮೇಲೆ ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಎಷ್ಟನೆಯ ಜಾಗಕ್ಕೆ ಎಂದು ಕಲ್ಲುಕೆಲಸದವರು ಹಾಕಿದ ಗುರುತುಗಳಿವೆ. ದೊರೆಯ ಹೊಗಳಿಕೆಯ ಶಾಸನಗಳನ್ನು ವಿದ್ವಾಂಸರು ಓದಿ ಮುಗಿಸಿದ್ದಾರೆ. ಕೂಲಿಯವರ ಈ ಬರಹವನ್ನು ನಾವು ಓದಲು ಶುರು ಮಾಡಬೇಕಾಗಿದೆ.

ಹೊಳೆಯ ದಡಕ್ಕೆ ಬಂದೆವು. ಹರಿಗೋಲು ತಿರುಗುತ್ತಿತ್ತು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ. ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ್ದು, ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು. ಈಗ ಹರಿಗೋಲಿಗೆ ಪ್ಲಾಸ್ಟಿಕ್ಕು, ಡಾಂಬರು. ಆಗ ತೊಗಲು. ಸತ್ತ ದನ ಹೊತ್ತವರು ಯಾರು, ಸುಲಿದವರು ಯಾರು, ಹದ ಮಾಡಿದವರು ಯಾರು? ಮೈಲಿಗೆ ಅಂತ ಊರ ಹೊರಗೆ ಇಟ್ಟವರ ಕೈ ಹದ ಮಾಡಿದ ತೊಗಲ ಮೇಲೆ ಕೂತು ಸಾಮ್ರಾಜ್ಯ ಹೊಳೆ ದಾಟಿತು! ಕುದುರೆಯ ಜೀನು, ಸೈನಿಕನ ಮೆಟ್ಟು, ಬಾವಿಯ ಕಪಿಲೆ ಬಾನಿ ಎಲ್ಲವೂ ತೊಗಲೇ. ಈ ತೊಗಲನ್ನು ತೆಗೆದು ನೋಡಿದರೆ ವಿಜಯನಗರದಲ್ಲಿ ಏನು ಉಳಿಯುತ್ತದೆ?

ಇದೇ ಹೊಳೆಗೆ ತಳವಾರಘಟ್ಟ–ಆನೆಗೊಂದಿ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಸತ್ತವರು ಕೂಲಿಗಳು. ಸೇತುವೆಯಿಂದ ಸ್ಮಾರಕಗಳಿಗೆ ಧಕ್ಕೆ ಎಂದು 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು, 2006ರಲ್ಲಿ ತೆಗೆಯಿತು. ಅಪಾಯದಲ್ಲಿರುವ ಕೂಲಿಗಳ ಪಟ್ಟಿಯನ್ನು ಯಾರು ಮಾಡುತ್ತಾರೆ?

ಇನ್ನು ಹೊಸಪೇಟೆಯ ರಾಯರ ಕೆರೆ. ಈಗ ಅದು ಬತ್ತಿದ ಬಯಲು, ಬೇಸಾಯದ ನೆಲ. ಎರಡು ಗುಡ್ಡಗಳ ನಡುವಿನ ಹಳೆಯ ಏರಿಯ ಮೇಲೆ ರಸ್ತೆ ಓಡುತ್ತದೆ. ಕೃಷ್ಣದೇವರಾಯ ಕಟ್ಟಿಸುತ್ತಿದ್ದುದಾಗಿ ಪಾಯೆಸ್ ಕಂಡ ದೊಡ್ಡ ಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು, ನೆಲವೇ ಕಾಣುತ್ತಿರಲಿಲ್ಲ ಎಂದು ಅವನು ಬರೆಯುತ್ತಾನೆ. ಏರಿ ಎರಡು ಮೂರು ಸಲ ಒಡೆಯಿತು. ಬ್ರಾಹ್ಮಣರನ್ನು ಕೇಳಲಾಗಿ, ದೇವರು ಮುನಿದಿದ್ದಾನೆ, ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಎಂದರಂತೆ. ಗುಡಿಯ ಬಾಗಿಲಲ್ಲಿ 60 ಜನರ ತಲೆ ಹಾರಿಸಿದರು ಎನ್ನುತ್ತಾನೆ ಪಾಯೆಸ್. ಆ ಮೇಲೆ ಬಂದ ನೂನಿಜ್, ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಬಲಿ ಕೊಟ್ಟರು ಎಂದು ಹೇಳುತ್ತಾನೆ. ಯಾರೇ ಆಗಲಿ, ಅರಮನೆಯವರಂತೂ ಅಲ್ಲ. ಸುವರ್ಣಯುಗ, ಬೀದಿಯಲ್ಲಿ ಮುತ್ತುರತ್ನ ಮಾರಿದ ಕಾಲ ಎಂದು ಪಾಠ ಮಾಡುವ ಮೇಷ್ಟ್ರು ಈ ಕೆರೆಯ ಪಾಠವನ್ನೂ ಮಾಡಲಿ. ಕೆರೆ ಕಟ್ಟಿದ್ದು ಒಳ್ಳೆಯ ಕೆಲಸ, ನೀರು ಬಂತು, ನಿಜ. ಅದರ ಬೆಲೆ ಯಾರು ತೆತ್ತರು ಎಂಬುದೂ ಅಷ್ಟೇ ನಿಜ.

ಆಮೇಲೆ ದರೋಜಿ ಕಾಡು. ಕಮಲಾಪುರ ದಾಟಿ ಕಂಪ್ಲಿಯ ದಿಕ್ಕಿಗೆ ಹೋಗುವಾಗ ಸಿಗುವ ಬಿಳಿಕಲ್ಲು ಅರಣ್ಯದ ಸುಮಾರು 56 ಚದರ ಕಿಲೋಮೀಟರ್ ಜಾಗವನ್ನು ಸರ್ಕಾರ 1994ರಲ್ಲಿ ಕರಡಿಧಾಮ ಮಾಡಿತು. ಮುಂದೆ ಬುಕ್ಕಸಾಗರದ ಕಾಡೂ ಸೇರಿ ಅದು 82 ಚದರ ಕಿಲೋಮೀಟರ್ ದಾಟಿತು. ದಟ್ಟಡವಿಯಲ್ಲ, ಕುರುಚಲು ಕಾಡು. ಬಂಡೆ, ಗವಿ, ಮುಳ್ಳುಕಂಟಿ, ಸೀತಾಫಲ, ಬಾರೆಹಣ್ಣು, ಗೆದ್ದಲ ಹುತ್ತ. ಕರಡಿಗೆ ಬೇಕಾದ್ದೆಲ್ಲ ಇದೆ. ಚಿರತೆ, ಮುಳ್ಳುಹಂದಿ, ನಕ್ಷತ್ರ ಆಮೆ, ನವಿಲೂ ಇವೆ. ಬಂಡೆಗಳಿಗೆ ಸಿಹಿ ಪಾಕ ಸವರುತ್ತಾರೆ. ಸಂಜೆಗೆ ಕರಡಿಗಳು ನೆಕ್ಕಲು ಬರುತ್ತವೆ, ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಹೊಳೆಯ ನೀರುನಾಯಿಗಳಿಗೂ 2015ರಲ್ಲಿ ಒಂದು ಸಂರಕ್ಷಣಾ ಮೀಸಲು ಬಂತು.

ನಮಗೆ ಕರಡಿಯ ಮೇಲೆ ಹಗೆ ಇಲ್ಲ. ಜಾಂಬವನ ಮಕ್ಕಳು ಕರಡಿಗೆ ಹಗೆಯಾಗುವುದು ಹೇಗೆ? ಅದಕ್ಕೂ ಕಾಡು ಬೇಕು. ಆದರೆ ಕಾಡಿನ ಸುತ್ತ ನೆಲವಿಲ್ಲದ ಜನರಿದ್ದಾರೆ. ಸೌದೆ, ಹಣ್ಣು, ಪೊರಕೆಕಡ್ಡಿ, ಆಡು ಕುರಿಗೆ ಮೇವು ಎಂದು ಈ ಕುರುಚಲನ್ನೇ ನಂಬಿದವರು. ನಿಜಾಮ 1800ರಲ್ಲಿ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1882ರ ಮದರಾಸು ಅರಣ್ಯ ಕಾಯಿದೆ ಬಂದ ಮೇಲೆ ಇಂಥ ಕಾಡುಗಳು 'ಮೀಸಲು' ಆದವು, ನಿನ್ನೆಯ ತನಕ ಬದುಕು ಎನಿಸಿಕೊಂಡದ್ದು ಕಳ್ಳತನ ಆಯಿತು. ಬ್ರಿಟಿಷರು ಹೋದರು, ಮೀಸಲು ಹೋಗಲಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅಭಯಾರಣ್ಯವಾದ ಕಡೆ ಬಿಗಿ ಹೆಚ್ಚಿತು.

2006ರ ಅರಣ್ಯ ಹಕ್ಕು ಕಾಯಿದೆ ಒಂದು ಬಾಗಿಲು ತೆರೆಯಿತು. ಆದರೆ ಆ ಬಾಗಿಲಲ್ಲಿ ಒಂದು ಹೊಸ್ತಿಲಿದೆ. ಪರಿಶಿಷ್ಟ ಪಂಗಡದವರಲ್ಲದವರು, ಎಂದರೆ ನಮ್ಮ ಹೊಲೆಯ ಮಾದಿಗ ಕೇರಿಗಳವರೂ ಸೇರಿ, ಮೂರು ತಲೆಮಾರು, 75 ವರ್ಷ ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷಿ ತೋರಿಸಬೇಕು. ಅಕ್ಷರ ಕಲಿಯಬಾರದು ಎಂದು ದೂರ ಇಟ್ಟವರನ್ನೇ ಈಗ ಕಾಗದ ಎಲ್ಲಿ ಅಂತ ಕೇಳುವುದು ಯಾವ ನ್ಯಾಯ?

ಹೊಸಪೇಟೆಯ ಬೆನ್ನಿಗೇ ಸಂಡೂರಿನ ಗುಡ್ಡಗಳಿವೆ. ಅಲ್ಲಿಯೂ ಕಾಡೇ. ಅದಿರಿಗಾಗಿ ಆ ಕಾಡನ್ನು ವರ್ಷಗಟ್ಟಲೆ ಬಗೆದರು, ಕೆಂಪು ಧೂಳು ಲಾರಿಯೇರಿ ಬಂದರು ತಲುಪಿತು. ಕೊನೆಗೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅದೇ 2011ರ ಅದೇ ಜುಲೈನಲ್ಲಿ ಹಂಪಿ ಬಜಾರಕ್ಕೆ ಜೆಸಿಬಿ ಬಂತು. ಸಾಲುಮಂಟಪಗಳಲ್ಲಿ, ಅವುಗಳ ಅಕ್ಕಪಕ್ಕದಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಬದುಕು ಎದ್ದುಹೋಯಿತು. ಸ್ಮಾರಕ ಉಳಿಸಬೇಕು ಎಂಬುದು ಕಾರಣ. ಸ್ಮಾರಕ ಉಳಿಯಬೇಕು, ಅದರಲ್ಲಿ ನಮ್ಮದೂ ಎರಡು ಮಾತಿಲ್ಲ. ಆದರೆ ಬಜಾರ ಎಂದರೇನು? ಜನ ಕೊಳ್ಳುವ ಮಾರುವ ಜಾಗ. ಜನರನ್ನು ತೆಗೆದ ಮೇಲೆ ಅದು ಬರೀ ಕಂಬಗಳ ಸಾಲು. ಗಣಿಯ ಲಾರಿಗೆ ತಡೆ ಬೀಳಲು ಎಷ್ಟೋ ವರ್ಷ ಬೇಕಾಯಿತು. ಬಡವರ ಗೋಡೆ ಬೀಳಲು ಎಷ್ಟು ಹೊತ್ತು ಬೇಕು?

ಈ ಬೀದಿ ಮಾತಂಗ ಗುಡ್ಡದ ಬುಡದಲ್ಲೇ ಇದೆ. ಅಟ್ಟಿಸಿಕೊಂಡು ಬಂದವನಿಗೆ ಆಸರೆ ಕೊಟ್ಟಿತು ಎಂದು ಕಥೆ ಹೇಳುವ ಗುಡ್ಡ, ತನ್ನ ಕಾಲಬುಡದವರನ್ನು ಎಬ್ಬಿಸಿದ್ದನ್ನೂ ನೋಡಿತು. ಎದ್ದ ಕುಟುಂಬಗಳಿಗೆ ನಿವೇಶನ ತೋರಿಸಿದ್ದು ನಾವು ಹೊರಟ ಊರಿನಲ್ಲಿ, ಕಡ್ಡಿರಾಂಪುರದಲ್ಲಿ. ಚಹಾ, ಬಾಳೆಹಣ್ಣು, ಹೂವು ಮಾರಿ ಬದುಕುವವರಿಗೆ ಗುಡಿಯ ಬಾಗಿಲಿಂದ ನಾಲ್ಕು ಕಿಲೋಮೀಟರ್ ದೂರ ಎಂದರೆ ಅದು ಬರೀ ದೂರವಲ್ಲ, ದಿನದ ದುಡಿಮೆ.

ಸಂಜೆ ಮತ್ತೆ ಕಡ್ಡಿರಾಂಪುರಕ್ಕೆ ಬಂದು ಕೂತಾಗ ನಮ್ಮೊಳಗೇ ಮಾತು ಬಂತು. ಇಷ್ಟೆಲ್ಲ ನೋಡಿ ಏನು ಮಾಡೋಣ? ಲೇಖನ ಬರೆದು ಸುಮ್ಮನಾಗೋಣವಾ? ಒಂದು ಕೆಲಸ ಖಂಡಿತ ಮಾಡಬಹುದು. ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಸಾಕ್ಷಿಗಳ ಪಟ್ಟಿ ಇದೆ. ಸರ್ಕಾರಿ ದಾಖಲೆಗಳ ಜೊತೆಗೆ ಊರ ಹಿರಿಯರು ಹೇಳಿದ್ದನ್ನು ಬರಹಕ್ಕಿಳಿಸಿದ ಹೇಳಿಕೆಯೂ ಅಲ್ಲಿ ಸಾಕ್ಷಿಯೇ. ಅರ್ಜಿ ಹಾಕಿದವರು ಬಿಟ್ಟು ಬೇರೆ ಹಿರಿಯರದಾಗಿರಬೇಕು, ಅಷ್ಟೆ. ಅದು ಗ್ರಾಮಸಭೆಯ ಮುಂದೆ ಬರಬೇಕು.

ಗೆಳೆಯರೇ, ಕಾಡಂಚಿನ ಹಳ್ಳಿಯ ಮೇಷ್ಟ್ರುಗಳೇ, ರಜೆಗೆ ಊರಿಗೆ ಬರುವ ಹಾಸ್ಟೆಲಿನ ಹುಡುಗ ಹುಡುಗಿಯರೇ, ಇದು ನಮ್ಮ ಕೈಯಲ್ಲೇ ಇದೆ. ನಿಮ್ಮ ಕೇರಿಯ ಅಜ್ಜ ಅಜ್ಜಿಯರ ಮುಂದೆ ಒಂದು ನೋಟುಪುಸ್ತಕ ಹಿಡಿದು ಕೂಡಿರಿ. ಯಾವ ಗುಡ್ಡದಲ್ಲಿ ಸೌದೆ ಕಡಿದಿರಿ, ಯಾವ ಹಳ್ಳದಲ್ಲಿ ದನ ನೀರು ಕುಡಿದವು, ಯಾವ ಬಂಡೆಗೆ ಏನು ಹೆಸರು, ಯಾರ ಹೆಣ ಎಲ್ಲಿ ಹೂಳಿದಿರಿ, ಕೇಳಿ. ಅವರು ಹೇಳಿದಂತೆಯೇ ಬರೆದುಕೊಳ್ಳಿ, ವರ್ಷ ಹಾಕಿ, ಹೆಬ್ಬೆಟ್ಟು ಹಾಕಿಸಿ. ಪುಷ್ಕರಣಿಯ ಕಲ್ಲಿಗೆ ಗುರುತು ಹಾಕಿದವನು ಮಾಡಿದ್ದೂ ಇಷ್ಟೇ, ಈ ಕಲ್ಲಿನ ಜಾಗ ಇದು ಎಂದು ಬರೆದ. ಐನೂರು ವರ್ಷದ ಮೇಲೆ ಮಣ್ಣು ತೆಗೆದಾಗಲೂ ಆ ಕಲ್ಲು ತನ್ನ ಜಾಗದಲ್ಲೇ ಇತ್ತು.