ಸಕ್ಕರೆಯ ಬಿಳುಪು

ನಮ್ಮ ಅಜ್ಜಿ ದೇವರ ಮನೆಯೊಳಕ್ಕೆ ಸಕ್ಕರೆಯನ್ನು ತರಗೊಡುತ್ತಿರಲಿಲ್ಲ. ನೈವೇದ್ಯದ ಪಾಯಸಕ್ಕೆ ಬೆಲ್ಲ. ಪಂಚಾಮೃತಕ್ಕೂ ಬೆಲ್ಲದ ಪುಡಿಯೇ. ಬಂದವರ ಕಾಫಿಗೆಂದು ತಂದ ಸಕ್ಕರೆಯ ಡಬ್ಬಿ ನಡುಮನೆಯ ಗೂಡಿನಲ್ಲಿ, ಅವರ ಮಡಿಗೆ ದೂರವಾಗಿ ಇರಬೇಕಾಗಿತ್ತು. ಕಾರಣ ಕೇಳಿದರೆ, "ಅದನ್ನು ಎಲುಬಿನ ಇದ್ದಲಿನಲ್ಲಿ ಸೋಸುತ್ತಾರಂತೆ, ಮಗು" ಎನ್ನುತ್ತಿದ್ದರು. 1968ರ ಸುಮಾರಿನಲ್ಲಿ ಕಾಲೇಜಿಗೆ ಸೇರಿ ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಕಲಿಯುತ್ತಿದ್ದ ನಾನು ಈ ಮಾತಿಗೆ ನಕ್ಕುಬಿಟ್ಟೆ. ಮೂಢನಂಬಿಕೆ ಎಂದೂ ಅಂದೆ.

ಕಳೆದ ವರ್ಷ ಅಮೆರಿಕದಲ್ಲಿರುವ ನನ್ನ ಮೊಮ್ಮಗಳು ದೂರವಾಣಿಯಲ್ಲಿ ಅದೇ ಮಾತನ್ನು ಆಡಿದಳು. ಅವಳು ಈಗ ವೀಗನ್ ಆಗಿದ್ದಾಳೆ. ಮಾಂಸವಷ್ಟೇ ಅಲ್ಲ, ಹಾಲು, ತುಪ್ಪ, ಜೇನು, ಹೀಗೆ ಪ್ರಾಣಿಗಳಿಂದ ಬಂದ ಯಾವುದನ್ನೂ ಮುಟ್ಟದವರಿಗೆ ಈ ಹೆಸರು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಇದನ್ನು ಬಳಕೆಗೆ ತಂದರು. "ತಾತ, ಇಲ್ಲಿ ಸಕ್ಕರೆಯನ್ನು ಮೂಳೆಯ ಇದ್ದಲಿನಲ್ಲಿ ಸೋಸುತ್ತಾರಂತೆ. ಊರಿನ ಸಕ್ಕರೆ ಹೇಗೆ?" ಎಂದು ಕೇಳಿದಳು. ಈ ಸಲ ನನಗೆ ನಗು ಬರಲಿಲ್ಲ.

ಕಬ್ಬಿನ ಹಾಲು ಬೆಳ್ಳಗಿರುವುದಿಲ್ಲವೆಂಬುದು ಆಲೆಮನೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಅದರಲ್ಲಿನ ಮಡ್ಡಿಯನ್ನು ತೆಗೆಯುವುದು ಒಂದು ಕೆಲಸ. ಬಣ್ಣವನ್ನು ತೆಗೆಯುವುದು ಇನ್ನೊಂದು. ಮೊದಲನೆಯ ಕೆಲಸಕ್ಕೆ ಯೂರೋಪಿನ ಹಳೆಯ ಸಕ್ಕರೆ ಮನೆಗಳಲ್ಲಿ ಎತ್ತಿನ ರಕ್ತವನ್ನೇ ಬಳಸುತ್ತಿದ್ದರು. ಕಾಯುತ್ತಿರುವ ಪಾಕಕ್ಕೆ ರಕ್ತವನ್ನು ಹೊಯ್ದರೆ ಅದರೊಳಗಿನ ಸಾರ ಗಟ್ಟಿಯಾಗಿ, ಕೊಳೆಯನ್ನೆಲ್ಲ ಹಿಡಿದುಕೊಂಡು, ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಚೆಲ್ಲಿದರಾಯಿತು. ಎರಡನೆಯ ಕೆಲಸಕ್ಕೆ ಎಲುಬು ಬಂತು. 1811ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆ ನಗರದ ಔಷಧಶಾಸ್ತ್ರಜ್ಞ ಫಿಗಿಯೆ, ಮೂಳೆಯ ಇದ್ದಲು ದ್ರವಗಳ ಬಣ್ಣವನ್ನು ಹೀರುತ್ತದೆಂಬುದನ್ನು ತೋರಿಸಿಕೊಟ್ಟ. ಮರುವರ್ಷವೇ ಡೆರೊನ್ ಎಂಬಾತ ಅದನ್ನು ಸಕ್ಕರೆಗೆ ಅನ್ವಯಿಸಿದ. ದನದ ಮೂಳೆಗಳ ಜಿಡ್ಡು ತೆಗೆದು, ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಸುಟ್ಟು, ಹರಳುಹರಳಾದ ಆ ಕರಿಯ ಪದಾರ್ಥವನ್ನು ಎತ್ತರದ ಕೊಳವೆಗಳಲ್ಲಿ ತುಂಬುತ್ತಾರೆ. ಕಂದು ಬಣ್ಣದ ಪಾಕ ಮೇಲಿನಿಂದ ಇಳಿದು ಬುಡದಲ್ಲಿ ತಿಳಿಯಾಗಿ ಹೊರಬರುತ್ತದೆ. ಎಲುಬು ಸಕ್ಕರೆಯಲ್ಲಿ ಉಳಿಯುವುದಿಲ್ಲ. ಮುಟ್ಟಿರುತ್ತದೆ, ಅಷ್ಟೆ. ಆದರೆ ಮಡಿ ಮೈಲಿಗೆಯ ಲೆಕ್ಕದಲ್ಲಿ ಬೆಳೆದ ನಮಗೆ "ಮುಟ್ಟಿರುತ್ತದೆ, ಅಷ್ಟೆ" ಎಂಬುದು ಸಣ್ಣ ಮಾತಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸಕ್ಕರೆಯಲ್ಲಿ ರಕ್ತವಿದೆ ಎಂಬ ಕೂಗು ಎಲುಬಿನ ಇದ್ದಲಿಗಿಂತ ಹಳೆಯದು. ಅದು ಮೊದಲು ಎದ್ದದ್ದು ನಮ್ಮಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ. ಅಲ್ಲಿ ಹೇಳಿದ ರಕ್ತವೂ ಎತ್ತಿನದಲ್ಲ. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ವಿಲ್ಬರ್‌ಫೋರ್ಸನ ಮಸೂದೆ ಪಾರ್ಲಿಮೆಂಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿ, ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯನ್ನು ತಿನ್ನುವವರು ಗುಲಾಮರ ರಕ್ತಕ್ಕೆ ಪಾಲುದಾರರೆಂದು ವಾದಿಸಿದ. ಸುಮಾರು 3 ಲಕ್ಷ ಜನ ಸಕ್ಕರೆಯನ್ನು ಬಿಟ್ಟರೆಂದು ಆ ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದಾನೆ. ಬಿಟ್ಟವರಲ್ಲಿ ಹೆಂಗಸರು ಬಹಳ. ಮತದ ಹಕ್ಕಿಲ್ಲದಿದ್ದರೂ ಅಡುಗೆಮನೆಯ ಹಕ್ಕು ಅವರ ಕೈಯಲ್ಲಿತ್ತಷ್ಟೆ. 1820ರ ದಶಕದಲ್ಲಿ ಅಲ್ಲಿನ ಮನೆಗಳ ಮೇಜಿನ ಮೇಲೆ, ಇದು ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆದ ಬಟ್ಟಲುಗಳು ಕಾಣಿಸಿಕೊಂಡವು. ಈಸ್ಟ್ ಇಂಡಿಯಾ ಎಂದರೆ ನಾವೇ. ನಮ್ಮ ಸಕ್ಕರೆ ಅವರ ಮನಸ್ಸಿಗೆ ಮಡಿಯ ಸಕ್ಕರೆಯಾಗಿತ್ತು.

ಶತಮಾನ ಕಳೆಯುವಷ್ಟರಲ್ಲಿ ಸ್ಥಿತಿ ತಿರುಗಿತು. ಸಕ್ಕರೆಯನ್ನು ಕಳುಹಿಸುತ್ತಿದ್ದ ದೇಶ ತರಿಸಿಕೊಳ್ಳುವ ದೇಶವಾಯಿತು. ಮಾರಿಷಸ್ಸಿನಿಂದ, ಜಾವಾದಿಂದ, ಜರ್ಮನಿ ಆಸ್ಟ್ರಿಯಾಗಳ ಬೀಟ್ ಗೆಡ್ಡೆಯಿಂದ ಮಾಡಿದ ಸಕ್ಕರೆ ನಮ್ಮ ಬಂದರುಗಳಿಗೆ ಬಂದು ಬಿತ್ತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶೀ ವಸ್ತುಗಳ ಬಹಿಷ್ಕಾರದ ನಿರ್ಣಯವಾದಾಗ ಬಟ್ಟೆಯ ಜತೆಗೆ ಉಪ್ಪು, ಸಕ್ಕರೆಗಳೂ ಸೇರಿಕೊಂಡವು. ಬಟ್ಟೆಯನ್ನು ಬಿಡಲು ದೇಶಪ್ರೇಮ ಬೇಕು. ಸಕ್ಕರೆಯನ್ನು ಬಿಡಿಸಲು, ಇದಕ್ಕೆ ಹಸುವಿನ ಹಂದಿಯ ಎಲುಬು ರಕ್ತ ಸೇರಿದೆ ಎಂಬ ಒಂದು ಮಾತು ಸಾಕಾಗಿತ್ತು. ಆ ಮಾತು ಬಂಗಾಳದ ಹಳ್ಳಿಹಳ್ಳಿಗಳಲ್ಲಿ ಹಬ್ಬಿತು. ಮದುವೆಯಾಗಿ 1912ರಲ್ಲಿ ನಮ್ಮ ಮನೆ ತುಂಬಿದ ಅಜ್ಜಿಗೆ ಈ ಸುದ್ದಿಯನ್ನು ಯಾರು ತಲುಪಿಸಿದರೋ! ನಗುವುದರ ಬದಲು ಅದೊಂದನ್ನು ಕೇಳಿದ್ದರೆ ಇಂದು ಈ ಭಾಷಣಕ್ಕೆ ಇನ್ನೂ ಸ್ವಲ್ಪ ಬೆಲೆ ಬರುತ್ತಿತ್ತು.

ಸುದ್ದಿ ನಿಜವೆ? ಬ್ರಿಟನ್ನಿನ ಶುದ್ಧೀಕರಣ ಶಾಲೆಗಳ ಮಟ್ಟಿಗೆ ಎಲುಬಿನ ಮಾತು ನಿಜ. ಆದರೆ ನಮ್ಮ ಅಂಗಡಿಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಬ್ರಿಟನ್ನಿನ ಸಕ್ಕರೆಯಲ್ಲ. ಜಾವಾದ ಗಿರಣಿಗಳು ಅಷ್ಟು ಹೊತ್ತಿಗೆ ಸುಣ್ಣ ಮತ್ತು ಗಂಧಕದ ಹೊಗೆಯಿಂದಲೋ, ಸುಣ್ಣ ಮತ್ತು ಇಂಗಾಲಾಮ್ಲ ವಾಯುವಿನಿಂದಲೋ ನೇರವಾಗಿ ಬಿಳಿಯ ಸಕ್ಕರೆ ತೆಗೆಯುವುದನ್ನು ಕಲಿತಿದ್ದವು. ಅಜ್ಜಿ ಬಿಟ್ಟ ಸಕ್ಕರೆಗೆ ಎಲುಬು ತಾಕದೆಯೇ ಇದ್ದಿರಬಹುದು. ಕಾರ್ಖಾನೆ ಹೇಗೆ ನಡೆಯುತ್ತದೆಂದು ಕೊಳ್ಳುವವನಿಗೆ ತಿಳಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ, ಅನುಮಾನವೊಂದೇ ಅವರ ಕೈಗೆ ಸಿಕ್ಕ ಅಸ್ತ್ರ. ಅದಕ್ಕಾಗಿ ಅವರನ್ನು ಹಳಿಯಲು ನಾನು ಇಂದು ಸಿದ್ಧನಿಲ್ಲ.

1932ರಲ್ಲಿ ಸರ್ಕಾರ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಮರುವರ್ಷ, ಕನ್ನಂಬಾಡಿಯ ನೀರು ಹರಿದ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ನಮ್ಮ ದೇಶದ ಗಿರಣಿಗಳು ಸಾಮಾನ್ಯವಾಗಿ ಹಿಡಿದದ್ದು ಸುಣ್ಣ, ಗಂಧಕಗಳ ದಾರಿಯನ್ನು. ನಾನು ಕಾಲೇಜಿನ ಕಡೆಯಿಂದ ಒಂದು ಕಾರ್ಖಾನೆಯನ್ನು ನೋಡಿಬಂದವನೇ ಅಜ್ಜಿಯ ಮುಂದೆ ಇದನ್ನೆಲ್ಲ ಗೆದ್ದವನಂತೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. "ಒಳ್ಳೆಯದಾಯಿತು ಬಿಡು. ಆದರೆ ನಾನು ಬಿಟ್ಟದ್ದು ನಿನ್ನ ಕಾರ್ಖಾನೆಯ ಸಕ್ಕರೆಯನ್ನಲ್ಲವಲ್ಲ" ಎಂದರು. ಡಬ್ಬಿ ಗೂಡಿನಲ್ಲೇ ಉಳಿಯಿತು.

ಮೊಮ್ಮಗಳಿಗೆ ನಾನು ಹೇಳಿದ್ದಿಷ್ಟು. ಅಮೆರಿಕದಲ್ಲಿ ಕಬ್ಬಿನ ಸಕ್ಕರೆಯನ್ನು ಶುದ್ಧಿ ಮಾಡುವ ಕೆಲವು ಕಡೆ ಇಂದಿಗೂ ಮೂಳೆಯ ಇದ್ದಲುಂಟು. ಬೀಟ್ ಸಕ್ಕರೆಗೆ ಅದು ಬೇಕಿಲ್ಲ. ಸಾವಯವ ಎಂಬ ಮುದ್ರೆ ಪಡೆದದ್ದಕ್ಕೆ ಅಲ್ಲಿನ ನಿಯಮವೇ ಅದನ್ನು ಒಪ್ಪುವುದಿಲ್ಲ. ನಮ್ಮ ಗಿರಣಿಯ ಸಾಮಾನ್ಯ ಸಕ್ಕರೆಗೆ ಎಲುಬಿನ ಸೋಂಕಿಲ್ಲ. "ಹಾಗಾದರೆ ಊರಿಗೆ ಬಂದಾಗ ಸಕ್ಕರೆ ತಿನ್ನಬಹುದು" ಎಂದಳು. ತಿನ್ನಬಹುದು. ಆ ಕಬ್ಬನ್ನು ಬಿಸಿಲಲ್ಲಿ ಎಳೆದುಕೊಂಡು ಬಂದು ಕಾರ್ಖಾನೆಯ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವ ಎತ್ತುಗಳನ್ನೂ, ಊರು ಬಿಟ್ಟು ಬಂದು ಗದ್ದೆಯ ಬದಿಯ ಗುಡಿಸಲಲ್ಲಿ ಮಲಗುವ ಕಬ್ಬು ಕಡಿಯುವವರನ್ನೂ ಅವಳ ಲೆಕ್ಕಕ್ಕೆ ಸೇರಿಸಲೆ ಎಂದು ಅನುಮಾನಿಸಿದೆ, ಕೊನೆಗೆ ಸೇರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಆಮೇಲೆ ಅವಳೇ ಒಂದು ಪ್ರಶ್ನೆ ಹಾಕಿ ನನ್ನನ್ನು ಕಟ್ಟಿಹಾಕಿದಳು. ಪಾಕಕ್ಕೆ ಮುತ್ತಜ್ಜಿ ಏನು ಹಾಕುತ್ತಿದ್ದರು? ಒಂದು ಸೌಟು ಹಾಲು. ಕುದಿಯುವ ಪಾಕಕ್ಕೆ ಹಾಲು ಬಿಟ್ಟರೆ ಅದು ಒಡೆದು ಕೊಳೆಯನ್ನು ಮೇಲಕ್ಕೆ ತರುತ್ತದೆ; ಅಡುಗೆ ಬಲ್ಲವರೆಲ್ಲ ಬಲ್ಲ ಉಪಾಯ. ಎತ್ತಿನ ರಕ್ತ ಮಾಡುತ್ತಿದ್ದುದೂ ಇದೇ ಕೆಲಸವೆಂದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಹಾಲು ಅವಳಿಗಾಗದು. ಬೆಲ್ಲವನ್ನು ಹೇಳೋಣವೆಂದರೆ, ಹೊಂಬಣ್ಣ ಬರಲೆಂದು ಅದಕ್ಕೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಸುರಿಯುವ ಆಲೆಮನೆಗಳೂ ಇವೆ. ಕಪ್ಪಾದ ಬೆಲ್ಲವನ್ನೇ ಹುಡುಕಿ ಕೊಳ್ಳಬೇಕು. ಬೆಂಡೆಯ ಗಿಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ, ಆ ಲೋಳೆಯಿಂದ ಕೊಪ್ಪರಿಗೆಯ ಮಡ್ಡಿಯನ್ನು ಎತ್ತುವ ಹಳೆಯ ಪದ್ಧತಿಯ ಆಲೆಮನೆಯವರು ನಮ್ಮ ಕಡೆ ಇನ್ನೂ ಇದ್ದಾರೆ ಎಂದೆ. ಬರುವ ಸಂಕ್ರಾಂತಿಗೆ ಬಂದು ಅದನ್ನು ನೋಡುತ್ತೇನೆಂದು ಹೇಳಿದ್ದಾಳೆ.