ವಸಂತಕಾಲದ ಕೈತೋಟ

ವಸಂತಕಾಲದ ಕೈತೋಟ ಎಂದರೆ ಚೈತ್ರ ಮತ್ತು ವೈಶಾಖ ಮಾಸಗಳಲ್ಲಿ, ಅಂದರೆ ಸರಿಸುಮಾರು ಮಾರ್ಚ್ ಮಧ್ಯಭಾಗದಿಂದ ಮೇ ಮಧ್ಯಭಾಗದವರೆಗೆ, ಮನೆಯ ಹಿತ್ತಿಲು, ಅಂಗಳ, ತಾರಸಿ ಅಥವಾ ಕುಂಡಗಳಲ್ಲಿ ಸೊಪ್ಪು, ತರಕಾರಿ ಮತ್ತು ಹೂಗಿಡಗಳನ್ನು ನೆಟ್ಟು ಪೋಷಿಸುವ ಕ್ರಮ. ಈ ಲೇಖನವು ಕರ್ನಾಟಕದ ಹವಾಗುಣಕ್ಕೆ ಸಂಬಂಧಿಸಿದೆ. ಶೀತ ದೇಶಗಳಲ್ಲಿ ವಸಂತವು ಹಿಮ ಕರಗಿ ನೆಲ ಬೆಚ್ಚಗಾಗುವ ಕಾಲವಾಗಿದ್ದು, ಎಳೆಯ ಸಸಿಗಳನ್ನು ಚಳಿಯಿಂದ ಕಾಪಾಡುವುದೇ ಅಲ್ಲಿನ ಮುಖ್ಯ ಕೆಲಸ. ಕರ್ನಾಟಕದಲ್ಲಿ ಇದೇ ಋತು ಬೇಸಿಗೆಯೂ ಹೌದು. ಬೀಜ ಮೊಳೆಯಲು ಬೇಕಾದ ಬಿಸುಪು ಇಲ್ಲಿ ಸಾಕಷ್ಟಿದೆ, ಇಲ್ಲದಿರುವುದು ನೀರು. ಆದ್ದರಿಂದ ಇಲ್ಲಿನ ಕೈತೋಟದ ವಿಸ್ತಾರವನ್ನು ಮನೆಯಲ್ಲಿರುವ ಜಾಗಕ್ಕಿಂತ ಮನೆಯಲ್ಲಿ ದೊರೆಯುವ ನೀರೇ ನಿರ್ಧರಿಸುತ್ತದೆ.

ಋತು ಮತ್ತು ಮಳೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಅತಿ ಬಿಸಿಯಾದ ತಿಂಗಳು. ಆಗ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಲಬುರಗಿ, ರಾಯಚೂರು ಮೊದಲಾದ ಉತ್ತರದ ಜಿಲ್ಲೆಗಳಲ್ಲಿ ಇದು 40 ಡಿಗ್ರಿಯನ್ನು ದಾಟುತ್ತದೆ. ಕರಾವಳಿಯಲ್ಲಿ ಉಷ್ಣಾಂಶ ಅಷ್ಟು ಏರದಿದ್ದರೂ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಸೆಕೆ ಅಧಿಕ.

ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಪ್ರತಿ ನಕ್ಷತ್ರದ ಮಳೆಗೆ ಸುಮಾರು 13–14 ದಿನಗಳ ಅವಧಿ. ಅಶ್ವಿನಿ ಏಪ್ರಿಲ್ ಮಧ್ಯದಲ್ಲಿ, ಭರಣಿ ಏಪ್ರಿಲ್ ಕೊನೆಯ ವಾರದಲ್ಲಿ, ಕೃತ್ತಿಕೆ ಮೇ ಎರಡನೆಯ ವಾರದಲ್ಲಿ, ರೋಹಿಣಿ ಮೇ ಕೊನೆಯ ವಾರದಲ್ಲಿ ಆರಂಭವಾಗುತ್ತವೆ. ಗುಡುಗು ಸಿಡಿಲಿನೊಂದಿಗೆ ಸಂಜೆ ಸುರಿಯುವ ಈ ಮುಂಗಾರುಪೂರ್ವ ಮಳೆಗಳಿಗೆ ಮಾವಿನ ಮಳೆ ಎಂದೂ, ಕಾಫಿ ಸೀಮೆಯಲ್ಲಿ ಹೂಮಳೆ ಎಂದೂ ಹೆಸರಿದೆ. ಕೈತೋಟದ ಕೆಲಸವನ್ನು ಎರಡು ಘಟ್ಟಗಳಾಗಿ ನೋಡುವುದು ಅನುಕೂಲ: ಯುಗಾದಿಯಿಂದ ಭರಣಿಯವರೆಗೆ ಮಣ್ಣಿನ ಸಿದ್ಧತೆ, ಸಸಿಮಡಿ ಮತ್ತು ಇರುವ ಗಿಡಗಳ ರಕ್ಷಣೆ; ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ ವಿಸ್ತಾರವಾದ ಬಿತ್ತನೆ ಮತ್ತು ನಾಟಿ.

ಹಿನ್ನೆಲೆ

ಗಿಡಗಳ ಪೋಷಣೆಯನ್ನು ಕುರಿತ ಭಾರತೀಯ ಜ್ಞಾನಶಾಖೆಗೆ ವೃಕ್ಷಾಯುರ್ವೇದ ಎಂದು ಹೆಸರು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಮೀಸಲಾದ ಅಧ್ಯಾಯವಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂಬ ಸೂಚನೆ ಅದರಲ್ಲಿ ದೊರೆಯುತ್ತದೆ. ಕನ್ನಡದಲ್ಲಿ 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರವು ಇತರ ಲೌಕಿಕ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ನಿರೂಪಿಸುತ್ತದೆ.

ಮನೆಮನೆಯ ರೂಢಿಯಲ್ಲಿ ಇದಕ್ಕಿಂತ ಸರಳವಾದ ಒಂದು ವ್ಯವಸ್ಥೆಯಿತ್ತು. ಬಚ್ಚಲುಮನೆಯ ನೀರು ಹರಿದುಹೋಗುವ ಕಡೆ ಬಾಳೆ, ಕೆಸು, ಬಸಳೆ ಮತ್ತು ತೆಂಗನ್ನು ನೆಡುತ್ತಿದ್ದರು. ಬಾವಿ ಬತ್ತುವ ಬೇಸಿಗೆಯಲ್ಲೂ ಮನೆಯವರ ಸ್ನಾನ ನಿಲ್ಲುತ್ತಿರಲಿಲ್ಲವಾದ್ದರಿಂದ ಆ ಮೂಲೆ ಸದಾ ಹಸಿರಾಗಿರುತ್ತಿತ್ತು. ಒಳಚರಂಡಿ ಬಂದ ನಗರಗಳಲ್ಲಿ ಈ ಸಂಬಂಧ ಕಡಿದುಹೋಯಿತು.

ಮಣ್ಣಿನ ಸಿದ್ಧತೆ

ದಕ್ಷಿಣದ ಮೈದಾನದಲ್ಲಿ ಕೆಂಪು ಮಣ್ಣು, ಉತ್ತರದಲ್ಲಿ ಕಪ್ಪು ಮಣ್ಣು, ಕರಾವಳಿ ಹಾಗೂ ಮಲೆನಾಡಿನ ಹಲವೆಡೆ ಜಂಬಿಟ್ಟಿಗೆ ಮಣ್ಣು ಪ್ರಧಾನವಾಗಿವೆ. ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಕಪ್ಪು ಮಣ್ಣು ಒಣಗಿದಾಗ ಬಿರುಕು ಬಿಟ್ಟು ಬೇರನ್ನು ಕಡಿಯುತ್ತದೆ. ಎರಡಕ್ಕೂ ಪರಿಹಾರ ಸಾವಯವ ಗೊಬ್ಬರವೇ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಮೇಲಿನ 15–20 ಸೆಂಟಿಮೀಟರ್ ಮಣ್ಣಿನಲ್ಲಿ ಬೆರೆಸಬೇಕು. ಹಸಿ ಸಗಣಿಯನ್ನು ನೇರವಾಗಿ ಹಾಕಿದರೆ ಅದು ಕೊಳೆಯುವಾಗ ಹುಟ್ಟುವ ಶಾಖ ಮತ್ತು ಅಮೋನಿಯದಿಂದ ಬೇರಿಗೆ ಹಾನಿಯಾಗುತ್ತದೆ, ಗೆದ್ದಲೂ ಬರುತ್ತದೆ.

ಕುಂಡಗಳಿಗೆ ಮಣ್ಣು, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸುವುದು ರೂಢಿ. ಹೊಸ ಮಣ್ಣಿನ ಕುಂಡವನ್ನು ಬಳಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ಇಲ್ಲವಾದರೆ ಕುಂಡವೇ ಗಿಡಕ್ಕೆರೆದ ನೀರನ್ನು ಹೀರಿಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲಗಳು ಬಿಸಿಲಿನಲ್ಲಿ ಬೇಗ ಕಾಯುವುದರಿಂದ ಅವುಗಳ ಹೊರಮೈಗೆ ಗೋಣಿತಾಟು ಸುತ್ತುವುದು ಒಳ್ಳೆಯದು. ತಾರಸಿಯಲ್ಲಿ ತೋಟ ಮಾಡುವಾಗ ಭಾರವನ್ನೂ ಲೆಕ್ಕಿಸಬೇಕು. ಒಂದು ಘನ ಮೀಟರ್ ಒದ್ದೆ ಮಣ್ಣು 1,600 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಆದ್ದರಿಂದ ದೊಡ್ಡ ಕುಂಡಗಳನ್ನು ತೊಲೆ ಮತ್ತು ಗೋಡೆಗಳ ಮೇಲ್ಭಾಗದಲ್ಲಿಯೇ ಇಡಬೇಕು.

ಬೀಜ ಮತ್ತು ಸಸಿಮಡಿ

ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳದಲ್ಲಿ ಬಿತ್ತುವುದು ಸಾಮಾನ್ಯ ನಿಯಮ. ಹರಿವೆಯಂತಹ ಸಣ್ಣ ಬೀಜಗಳನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಗೊಬ್ಬರ ಉದುರಿಸಬೇಕು. ಗಟ್ಟಿ ಸಿಪ್ಪೆಯ ಹಾಗಲ, ಪಡುವಲ ಮತ್ತು ಬೆಂಡೆಯ ಬೀಜಗಳನ್ನು ಒಂದು ರಾತ್ರಿ ನೆನೆಸಿದರೆ ಬೇಗ ಮೊಳೆಯುತ್ತವೆ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಅದನ್ನು ಮೆಲ್ಲಗೆ ಒತ್ತಿ ಇಬ್ಭಾಗ ಮಾಡಿ ಬಿತ್ತುತ್ತಾರೆ.

ಟೊಮೆಟೊ, ಬದನೆ ಮತ್ತು ಮೆಣಸಿನಕಾಯಿಗಳನ್ನು ಮೊದಲು ಸಸಿಮಡಿಯಲ್ಲಿ ಬೆಳೆಸಬೇಕು. ಟೊಮೆಟೊ ಸಸಿ 25–30 ದಿನಗಳಲ್ಲಿ, ಬದನೆ ಮತ್ತು ಮೆಣಸಿನ ಸಸಿಗಳು 35–45 ದಿನಗಳಲ್ಲಿ ನಾಟಿಗೆ ಸಿದ್ಧವಾಗುತ್ತವೆ. ಏಪ್ರಿಲ್ ಎರಡನೆಯ ಪಕ್ಷದಲ್ಲಿ ಬಿತ್ತಿದರೆ ಮೇ ಕೊನೆಯ ಮಳೆಗಳ ಹೊತ್ತಿಗೆ ಟೊಮೆಟೊ ಸಸಿ ಕೈಗೆ ಬರುತ್ತದೆ. ಹಗಲಿನ ಉಷ್ಣಾಂಶ 35 ಡಿಗ್ರಿಯನ್ನು ಮೀರಿದಾಗ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುವುದರಿಂದ ಈ ಹೊಂದಾಣಿಕೆ ಅವಶ್ಯಕ.

ಮೊಳೆತ ಸಸಿಗಳು ಬುಡದಲ್ಲಿ ಕೊಳೆತು ಒರಗುವುದು ಆರಂಭಿಕರಿಗೆ ಎದುರಾಗುವ ಸಾಮಾನ್ಯ ತೊಂದರೆ. ಮಣ್ಣಿನಲ್ಲಿರುವ ಶಿಲೀಂಧ್ರಸದೃಶ ಜೀವಿಗಳು ಇದಕ್ಕೆ ಕಾರಣ. ಅತಿಯಾದ ನೀರು ಮತ್ತು ಒತ್ತೊತ್ತಾದ ಬಿತ್ತನೆ ಅವುಗಳಿಗೆ ಪೂರಕ. ಬಿಸಿಲು ಹೆಚ್ಚೆಂದು ಹಗಲೆಲ್ಲ ನೀರು ಚಿಮುಕಿಸುವುದಕ್ಕಿಂತ ಸಸಿಮಡಿಗೆ ನೆರಳು ಒದಗಿಸುವುದು ಮೇಲು. ನಾಟಿಗೆ ಒಂದು ವಾರ ಮುಂಚಿನಿಂದ ಸಸಿಗಳನ್ನು ಬೆಳಗಿನ ಬಿಸಿಲಿಗೆ ಸ್ವಲ್ಪಸ್ವಲ್ಪವಾಗಿ ಒಡ್ಡಿ, ಸಂಜೆಯ ಹೊತ್ತು ನಾಟಿ ಮಾಡಬೇಕು.

ಸೂಕ್ತ ಬೆಳೆಗಳು

• ಹರಿವೆ, ದಂಟು: ಬಿಸಿಲನ್ನು ಚೆನ್ನಾಗಿ ತಾಳುತ್ತವೆ, ಹರಿವೆ 25–30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಮೊದಲ ಬಾರಿಗೆ ತೋಟ ಮಾಡುವವರಿಗೆ ಅತ್ಯಂತ ಸುಲಭವಾದ ಬೆಳೆ.
• ಬೆಂಡೆ: 45–50 ದಿನಗಳಲ್ಲಿ ಮೊದಲ ಕಾಯಿ ಬರುತ್ತದೆ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರವಿರಬೇಕು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಹಳದಿ ನಂಜುರೋಗಕ್ಕೆ ನಿರೋಧಕವಾಗಿ ರೂಪಿಸಲಾಗಿದೆ.
• ಹೀರೆ, ಹಾಗಲ, ಪಡುವಲ, ಸೋರೆ, ಸೌತೆ: ಚಪ್ಪರ ಅಗತ್ಯ. ಚಪ್ಪರದ ನೆರಳಿನಲ್ಲಿ ಪುದೀನ, ಒಂದೆಲಗ ಮೊದಲಾದವನ್ನು ಬೆಳೆಸಬಹುದು.
• ಬಸಳೆ, ನುಗ್ಗೆ: ಕಾಂಡದ ತುಂಡುಗಳಿಂದ ಬೆಳೆಯುತ್ತವೆ. ಬಸಳೆಗೆ ಸದಾ ತೇವ ಬೇಕು. ನುಗ್ಗೆಗೆ ನೀರು ನಿಲ್ಲಬಾರದು.
• ಶುಂಠಿ, ಅರಿಶಿನ, ಸುವರ್ಣಗೆಡ್ಡೆ: ಏಪ್ರಿಲ್–ಮೇ ತಿಂಗಳಲ್ಲಿ ಮಳೆ ಬಿದ್ದು ನೆಲ ಹದವಾದಾಗ ನೆಡತಕ್ಕವು.
• ದುಂಡುಮಲ್ಲಿಗೆ: ಈ ಋತುವಿನಲ್ಲಿ ಹೂ ಬಿಡುತ್ತದೆ. ಸವರುವಿಕೆ ಚಳಿಗಾಲದಲ್ಲೇ ಮುಗಿದಿರಬೇಕು. ಈಗ ನೀರು ಮತ್ತು ಗೊಬ್ಬರ ಮಾತ್ರ ಸಾಕು.

ಎಲೆಕೋಸು, ಹೂಕೋಸು, ಬಟಾಣಿ, ಮೂಲಂಗಿ ಮತ್ತು ಪಾಲಕ್ ಚಳಿಯನ್ನು ಬಯಸುವ ಬೆಳೆಗಳು. ಕೊತ್ತಂಬರಿ ಬಿಸಿಲಿಗೆ ಬೇಗನೆ ಹೂವಿಗೆ ತಿರುಗುವುದರಿಂದ ಅದನ್ನು ಅರೆನೆರಳಿನಲ್ಲಿ ಬೆಳೆಯಬೇಕು.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯಲ್ಲಿ ಒಳನಾಡಿನ ಮಣ್ಣು ಮತ್ತು ಎಲೆಗಳಿಂದ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆ. ಅಂದರೆ 10 ಚದರ ಮೀಟರಿನ ಪಾತಿಗೆ ದಿನಕ್ಕೆ 50–60 ಲೀಟರ್ ನೀರು ಬೇಕು. ಒಬ್ಬರ ಸ್ನಾನಕ್ಕೆ ಒಂದು ಬಕೆಟ್, ಅಂದರೆ 15–20 ಲೀಟರ್ ಎಂದಿಟ್ಟುಕೊಂಡರೆ, ನಾಲ್ವರ ಕುಟುಂಬದ ಬಚ್ಚಲಿನಿಂದ ದಿನಕ್ಕೆ 60–80 ಲೀಟರ್ ನೀರು ಹೊರಬೀಳುತ್ತದೆ. ಕುಡಿಯುವ ನೀರಿನ ಒಂದು ಚೊಂಬನ್ನೂ ಮುಟ್ಟದೆ ಆ ಪಾತಿಯನ್ನು ಉಳಿಸಿಕೊಳ್ಳಬಹುದೆಂಬುದು ಈ ಲೆಕ್ಕದ ಸಾರ.

ಈ ಲೆಕ್ಕಕ್ಕೆ ಈಚಿನ ವರ್ಷಗಳಲ್ಲಿ ಮಹತ್ವ ಹೆಚ್ಚಿದೆ. 2024ರ ಮಾರ್ಚ್ ತಿಂಗಳಿನಲ್ಲಿ ತೀವ್ರ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮೊದಲಾದವುಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ನಲ್ಲಿಯನ್ನೇ ನಂಬಿದ ತೋಟಗಳಿಗೆ ಆಗ ಬೇರೆ ಆಸರೆ ಹುಡುಕಬೇಕಾಯಿತು.

ಬಳಸಿದ ನೀರನ್ನು ಉಪಯೋಗಿಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಸ್ನಾನದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಸಂಗ್ರಹಿಸಿಡಬಾರದು. ಅದನ್ನು ಬುಡಕ್ಕೆ ಮಾತ್ರ ಎರೆಯಬೇಕು. ಹಸಿಯಾಗಿ ತಿನ್ನುವ ಸೊಪ್ಪು ಮತ್ತು ಗೆಡ್ಡೆಗಳಿಗೆ ಹಾಕಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲ ಗಿಡಗಳಿಗೂ ಯೋಗ್ಯ. ಬಟ್ಟೆ ಒಗೆಯುವ ಯಂತ್ರದ ಮಾರ್ಜಕಯುಕ್ತ ನೀರು ಮತ್ತು ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚು. ಇವನ್ನು ನಿರಂತರ ಬಳಸಿದರೆ ಎಲೆಯಂಚು ಸುಟ್ಟಂತಾಗಿ ಮಣ್ಣೂ ಕೆಡುತ್ತದೆ.

ಬೆಳಗಿನ ಜಾವದ ನೀರೆರೆಯುವಿಕೆ ಉತ್ತಮ. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರುಗಳು ಮೇಲ್ಪದರದಲ್ಲೇ ಉಳಿಯುತ್ತವೆ; ಆಳಕ್ಕೆ ಇಳಿಯುವಂತೆ ಎರೆದರೆ ಬೇರೂ ಆಳಕ್ಕೆ ಹೋಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ, ತೇವವಿಲ್ಲದಿದ್ದರೆ ಮಾತ್ರ ನೀರು ಕೊಡಬೇಕು. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚುವ ಮಡಕೆ ನೀರಾವರಿಯಲ್ಲಿ ನೀರು ಮೆಲ್ಲನೆ ಜಿನುಗಿ ಸುತ್ತಲಿನ ಬೇರುಗಳನ್ನು ತಲುಪುತ್ತದೆ. ನಾಲ್ಕು ದಿನ ಊರಿಗೆ ಹೋಗಬೇಕಾದವರಿಗೆ ಇದು ಉಪಯುಕ್ತ. ಮಾವಿನ ಮಳೆಯನ್ನೂ ಹಿಡಿದಿಡಬಹುದು: 100 ಚದರ ಮೀಟರಿನ ತಾರಸಿಯ ಮೇಲೆ ಬೀಳುವ 10 ಮಿಲಿಮೀಟರ್ ಮಳೆ 1,000 ಲೀಟರಿಗೆ ಸಮ.

ಹೊದಿಕೆ ಮತ್ತು ನೆರಳು

ಶಿಶಿರದಲ್ಲಿ ಎಲೆ ಉದುರಿಸುವ ಮರಗಳು ವಸಂತದ ತೋಟಕ್ಕೆ ಬೇಕಾದ ಹೊದಿಕೆಯನ್ನು ಮೊದಲೇ ಒದಗಿಸಿರುತ್ತವೆ. ಹೊಂಗೆ, ಬೇವು, ಮಾವಿನ ಒಣ ಎಲೆಗಳನ್ನು ಸುಡದೆ ಗಿಡದ ಸುತ್ತ ಸುಮಾರು 5 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಆವಿಯಾಗುವಿಕೆ ತಗ್ಗುತ್ತದೆ, ಮಣ್ಣು ತಂಪಾಗಿರುತ್ತದೆ, ಕಳೆ ಹುಟ್ಟುವುದಿಲ್ಲ. ಹೊದಿಕೆಯು ಕಾಂಡಕ್ಕೆ ತಾಗದಂತೆ ಎರಡು ಬೆರಳು ಅಂತರ ಬಿಡಬೇಕು. ತಾರಸಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ 35ರಿಂದ 50 ಶೇಕಡಾ ನೆರಳು ನೀಡುವ ಪರದೆಯನ್ನು ಕಟ್ಟಬಹುದು. ತೆಂಗಿನ ಗರಿಯೂ ಆದೀತು. ಮಧ್ಯಾಹ್ನ ಎಲೆ ಬಾಡಿದಂತೆ ಕಂಡು ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನ ಪರಿಣಾಮ. ಬೆಳಿಗ್ಗೆಯೂ ಬಾಡಿದ್ದರೆ ನೀರಿನ ಕೊರತೆ ಅಥವಾ ಬೇರಿನ ರೋಗವೆಂದು ತಿಳಿಯಬೇಕು.

ಪರಾಗಸ್ಪರ್ಶ

ಹೀರೆ, ಸೋರೆ, ಹಾಗಲ ಮೊದಲಾದ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಮೊದಲು ಅರಳುವ ಗಂಡು ಹೂವುಗಳು ಉದುರುವುದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುತ್ತದೆ. ಜೇನ್ನೊಣಗಳು ವಿರಳವಾಗಿರುವ ನಗರಗಳಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ತಾಗಿಸಿ ಪರಾಗಸ್ಪರ್ಶ ಮಾಡಬಹುದು. ಹೀರೆ ಮತ್ತು ಸೋರೆಯ ಹೂಗಳು ಸಂಜೆ ಅರಳುತ್ತವೆ. ಸೌತೆ ಮತ್ತು ಹಾಗಲದವು ಬೆಳಿಗ್ಗೆ.

ಕೀಟ ಮತ್ತು ರೋಗ

ಒಣ ಬಿಸಿಲಿನಲ್ಲಿ ಬಿಳಿನೊಣ, ಥ್ರಿಪ್ಸ್, ಕೆಂಪು ನುಸಿ ಮತ್ತು ಹಿಟ್ಟುತಿಗಣೆಗಳು ಹೆಚ್ಚುತ್ತವೆ. ಬಿಳಿನೊಣವು ಟೊಮೆಟೊದ ಎಲೆಮುರುಟು ನಂಜನ್ನೂ ಬೆಂಡೆಯ ಹಳದಿ ನಂಜನ್ನೂ ಹರಡುತ್ತದೆ. ನಂಜುರೋಗ ತಗುಲಿದ ಗಿಡಕ್ಕೆ ಚಿಕಿತ್ಸೆಯಿಲ್ಲ. ಅದನ್ನು ಕಿತ್ತು ತೆಗೆಯುವುದೇ ಉಳಿದ ಗಿಡಗಳಿಗೆ ರಕ್ಷೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸಾಬೂನಿನ ದ್ರವ ಬೆರೆಸಿ, ಸಂಜೆ ಎಲೆಯ ಕೆಳಭಾಗಕ್ಕೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ನೀರಿನ ಕೊರತೆ ಮತ್ತು ಅತಿಯಾದ ಶಾಖದಿಂದ ಸೌತೆ, ಸೋರೆ ಮೊದಲಾದವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಹೆಚ್ಚಬಹುದು. ಸೋರೆಕಾಯಿ ಕಹಿಯಾಗಿದ್ದರೆ ಅದನ್ನು ತಿನ್ನುವುದಾಗಲಿ ರಸ ಮಾಡಿ ಕುಡಿಯುವುದಾಗಲಿ ಅಪಾಯಕಾರಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಬೀಜ ಸಂಗ್ರಹ

ಮುಂದಿನ ವರ್ಷದ ತೋಟ ಈ ವರ್ಷದ ಬೀಜದಿಂದ ಆರಂಭವಾಗುತ್ತದೆ. ಬೇಸಿಗೆಯನ್ನು ತಾಳಿ ಮೊದಲು ಕಾಯಿ ಬಿಟ್ಟ ಆರೋಗ್ಯವಂತ ಗಿಡವನ್ನು ಗುರುತಿಸಿ, ಅದರ ಎರಡು ಮೂರು ಕಾಯಿಗಳನ್ನು ಕೊಯ್ಯದೆ ಗಿಡದಲ್ಲೇ ಬಲಿಯಲು ಬಿಡಬೇಕು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯೊಂದಿಗೆ ಬೆರೆಸಿ, ಗಾಳಿಯಾಡದ ಡಬ್ಬದಲ್ಲಿ ತಳಿಯ ಹೆಸರು ಮತ್ತು ವರ್ಷ ಬರೆದಿಡುವುದು ಕ್ರಮ. ಸಂಕರಣ ತಳಿಗಳ ಬೀಜದಿಂದ ಹುಟ್ಟುವ ಗಿಡಗಳು ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಸಂಗ್ರಹಕ್ಕೆ ನಾಟಿ ತಳಿಗಳೇ ಸೂಕ್ತ.

ಇವನ್ನೂ ನೋಡಿ

• ಕೈತೋಟ
• ಎರೆಹುಳು ಗೊಬ್ಬರ
• ಮಳೆನೀರು ಕೊಯ್ಲು
• ವೃಕ್ಷಾಯುರ್ವೇದ
• ಮಳೆ ನಕ್ಷತ್ರಗಳು