ಹುದುಗುವಿಕೆ ಮುಗಿಯಿತೇ?

ಗುಳ್ಳೆ ಏಳುವುದು ನಿಂತರೆ ಬಿಯರಿನ ಹುದುಗುವಿಕೆ ಮುಗಿಯಿತೆನ್ನಬಹುದೇ? ಅವಸರಪಡಬೇಡಿ. ಚಳಿಗೆ ಯೀಸ್ಟ್ ಮಂಕಾದರೂ ಗುಳ್ಳೆ ನಿಲ್ಲುತ್ತದೆ. ಉಳಿದ ಸಕ್ಕರೆ ಸೀಸೆಯೊಳಗೆ ಹುದುಗಿದರೆ ಇಂಗಾಲದ ಡೈಆಕ್ಸೈಡಿನ ಒತ್ತಡಕ್ಕೆ ಸೀಸೆಯೇ ಸಿಡಿದೀತು.

18ನೆಯ ಶತಮಾನದ ಇಂಗ್ಲೆಂಡಿನ ಬಿಯರ್ ತಯಾರಕರು ನಾಲಗೆ, ಮೂಗುಗಳನ್ನೇ ನಂಬಿದ್ದರು. 1768ರ ಸುಮಾರಿಗೆ ಜೇಮ್ಸ್ ಬೇವರ್‌ಸ್ಟಾಕ್ ಎಂಬ ತರುಣ ಹೈಡ್ರೋಮೀಟರ್ ಬಳಸತೊಡಗಿದ. 1784ರಲ್ಲಿ ಜಾನ್ ರಿಚರ್ಡ್‌ಸನ್ ಈ ಅಳತೆಯ ಬಗ್ಗೆ ಪುಸ್ತಕವನ್ನೇ ಬರೆದ. ಅವರಿಗೆ ಮುಖ್ಯವಾಗಿ ಬೇಕಿದ್ದುದು ಮಾಲ್ಟಿನಿಂದ ಎಷ್ಟು ಸಾರ ಇಳಿಯಿತೆಂಬ ಲೆಕ್ಕ.

ತತ್ತ್ವ ನಿಮಗೆ ಗೊತ್ತಿರುವ ಆರ್ಕಿಮಿಡೀಸನದೇ. ಸಕ್ಕರೆ ಕರಗಿದ ರಸ ನೀರಿಗಿಂತ ಸಾಂದ್ರ; ಆಲ್ಕೊಹಾಲಿನ ಸಾಪೇಕ್ಷ ಸಾಂದ್ರತೆ ಸುಮಾರು 0.79. ಹಾಗಾಗಿ 1.050 ತೋರಿಸುತ್ತಿದ್ದ ಮಾಪಕ ದಿನೇದಿನೇ ಮುಳುಗುತ್ತ 1.010ರ ಆಸುಪಾಸಿಗೆ ಬರುತ್ತದೆ. ಎರಡು-ಮೂರು ದಿನ ಅಲ್ಲೇ ನಿಂತರೆ ಸೀಸೆಗೆ ತುಂಬಬಹುದು. 1.030ರಲ್ಲೇ ನಿಂತಿತೋ, ಸಾಮಾನ್ಯವಾಗಿ ಸೋತಿರುವುದು ಯೀಸ್ಟ್; ಸಕ್ಕರೆ ಇನ್ನೂ ಒಳಗೇ ಇದೆ.